ಗೆಸ್ಟಮ್ಮನ ಓಟು

ಓಟು ಹಾಕಿದವರು ಹನ್ನೊಂದು ಜನ. ಸಿಕ್ಕಿಬಿದ್ದವಳು ಹನ್ನೆರಡನೆಯವಳು. ಅವಳಿಗೆ ಓಟೇ ಇರಲಿಲ್ಲ.

ಅವಳು ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ತಿಥಿ ಹೇಳದೆ ಬರುವವನು ಅತಿಥಿ ಅನ್ನುತ್ತಾರೆ. ಇವಳು ಏಳು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ತಪ್ಪದೆ ಬರುತ್ತಿದ್ದಳು. ವಿಭಾಗದ ಅಟೆಂಡರ್ ಅವಳನ್ನು ಗೆಸ್ಟಮ್ಮ ಎಂದು ಕರೆದ. ಅದೇ ಅಂಟಿಕೊಂಡಿತು.

ಅವಳ ಹಾಗೆ ಇನ್ನೂ ಮೂವರು ಗೆಸ್ಟುಗಳಿದ್ದರು. ಪ್ರೊಫೆಸರುಗಳಿಗೆ ಇಡೀ ದೇಶದ ಚಿಂತೆ ಇದ್ದುದರಿಂದ ಮೊದಲ ವರ್ಷದ ಮಕ್ಕಳು ಈ ನಾಲ್ವರ ಪಾಲಿಗೆ ಬಿದ್ದಿದ್ದರು. ಒಂದೊಂದು ತರಗತಿಗೆ ನೂರಾಎಂಬತ್ತು ಮಕ್ಕಳು. ಮೈಕ್ ಇಲ್ಲ. ಹಿಂದಿನ ಬೆಂಚಿಗೆ ಕೇಳಿಸಬೇಕೆಂದರೆ ಹೊಟ್ಟೆಯಿಂದ ಕೂಗಬೇಕು. ಮಧ್ಯಾಹ್ನದ ಹೊತ್ತಿಗೆ ಗೆಸ್ಟಮ್ಮನ ಗಂಟಲು ಒಣಗಿದ ಚರ್ಮದಂತಾಗುತ್ತಿತ್ತು. ಆಮೇಲೆ ಉತ್ತರ ಪತ್ರಿಕೆಗಳ ಕಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಮೂರು ಮಹಡಿ ಹತ್ತಬೇಕು. ಲಿಫ್ಟ್ ಇತ್ತು. ಅದರ ಕೀಲಿ ಕಾಯಂ ನೌಕರರಿಗೆ ಮಾತ್ರ.

ಮೇಲೆ ಅಧ್ಯಾಪಕರ ಕೋಣೆಯಲ್ಲಿ ಹನ್ನೊಂದು ಕುರ್ಚಿ. ಹನ್ನೊಂದು ಪ್ರೊಫೆಸರು. ಗೆಸ್ಟುಗಳು ಬೀರುವಿಗೆ ಒರಗಿ ನಿಲ್ಲಬೇಕು. ಆ ಬೀರುವಿನ ಹಿಡಿಕೆ ಗೆಸ್ಟಮ್ಮನ ಬೆನ್ನಿನಲ್ಲಿ ಒಂದು ಕಪ್ಪು ಕಲೆ ಮಾಡಿತ್ತು. ತಾಯಿ ಎಣ್ಣೆ ತಿಕ್ಕುವಾಗಲೆಲ್ಲ ಕೇಳುತ್ತಿದ್ದಳು, "ಇದೇನೇ, ಯಾರಾದ್ರೂ ಗುದ್ದಿದ್ರಾ?"

ಆಗ ಚುನಾವಣೆ ಬಂತು. ಕಣದಲ್ಲಿ ಎರಡು ದೊಡ್ಡ ಪಕ್ಷ. ಒಂದರ ಗುರುತು ಛತ್ರಿ, ಇನ್ನೊಂದರದು ಏಣಿ. ಸರ್ಕಾರ ಎಲ್ಲರ ತಲೆಯ ಮೇಲೂ ನೆರಳು ಹಿಡಿಯಬೇಕು ಅನ್ನುವವರು ಛತ್ರಿ. ಸರ್ಕಾರ ದಾರಿ ಬಿಟ್ಟು ನಿಂತರೆ ಸಾಕು, ಜನ ತಾವೇ ಹತ್ತಿಕೊಳ್ಳುತ್ತಾರೆ ಅನ್ನುವವರು ಏಣಿ. ಬೀದಿಯಲ್ಲಿ ಜನ ಅರ್ಧಕ್ಕರ್ಧ. ಒಂದೇ ಮನೆಯಲ್ಲಿ ಗಂಡ ಛತ್ರಿ, ಹೆಂಡತಿ ಏಣಿ, ಊಟದ ಹೊತ್ತಿಗೆ ಇಬ್ಬರೂ ಮೌನ. ಅರ್ಥಶಾಸ್ತ್ರ ವಿಭಾಗದಲ್ಲಿ ಮಾತ್ರ ಎತ್ತ ನೋಡಿದರೂ ಛತ್ರಿ.

ಹಾಗೆಂದು ಯಾರೂ ಕಾನೂನು ಮಾಡಿರಲಿಲ್ಲ. ಅದು ತಾನಾಗಿ ಆದದ್ದು. ಕೆಲಸದ ಸಂದರ್ಶನಕ್ಕೆ ಬಂದವರ ಮಾತಿನಲ್ಲಿ ಏಣಿಯ ವಾಸನೆ ಬಂದರೆ ವಿಭಾಗದ ಮುಖ್ಯಸ್ಥರು ಬಹಳ ಪ್ರೀತಿಯಿಂದ ಇನ್ನೊಂದು ಬಿಸ್ಕತ್ತು ಕೊಡುತ್ತಿದ್ದರು. ಎರಡನೆಯ ಬಿಸ್ಕತ್ತು ಸಿಕ್ಕಿತೆಂದರೆ ಕೆಲಸ ಸಿಗಲಿಲ್ಲ ಎಂದೇ ಅರ್ಥ. ಎದುರು ಕಟ್ಟಡದ ವ್ಯಾಪಾರ ಆಡಳಿತ ವಿಭಾಗದಲ್ಲಿ ಎಲ್ಲರೂ ಏಣಿಯಂತೆ. ಅಲ್ಲಿ ಕಾಫಿ ಮೆಷಿನ್ ಇತ್ತಂತೆ. ಗೆಸ್ಟುಗಳಿಗೆ ಕುರ್ಚಿ ಅಲ್ಲೂ ಇರಲಿಲ್ಲ.

ಅರ್ಥಶಾಸ್ತ್ರದ ಪ್ರೊಫೆಸರುಗಳೇನು ಕೆಟ್ಟವರಲ್ಲ. ಕೂಲಿಕಾರರ ಮೆರವಣಿಗೆಯಲ್ಲಿ ಬಿಸಿಲಿಗೆ ನಡೆದವರು. ಬಡವರ ಬಗ್ಗೆ ಮಾತಾಡುತ್ತಾ ಕಣ್ಣಲ್ಲಿ ನೀರು ತಂದುಕೊಂಡವರು. ಟೀ ಹೊತ್ತಿಗೆ ಒಬ್ಬರು ಏಣಿಯ ಮೇಲೆ ಜೋಕು ಹೇಳಿದರೆ ಹತ್ತು ಜನ ನಗುತ್ತಿದ್ದರು. ಬೀರುವಿನ ಪಕ್ಕದಲ್ಲಿ ನಿಂತ ಗೆಸ್ಟಮ್ಮನೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ, ಎಲ್ಲರೂ ನಕ್ಕದ್ದು ಖಾತ್ರಿಯಾದ ಮೇಲೆ.

ಚುನಾವಣೆಗೆ ಮೊದಲು ವಿಭಾಗದಲ್ಲಿ ತಮಾಷೆಗೆಂದು ಒಂದು ಓಟು ನಡೆಸುವುದು ರೂಢಿ. ಪ್ರತಿ ಸಲವೂ ಎಲ್ಲ ಚೀಟಿ ಛತ್ರಿ. ಈ ಸಲ ಮುಖ್ಯಸ್ಥರಿಗೆ ಹುರುಪು ಬಂತು. ಪೇಪರಿನ ವರದಿಗಾರನೊಬ್ಬನನ್ನು ಕರೆಸಿದರು.

"ಬರ್ಕೊಳ್ಳಿ. ನಾಡಿನ ಅರ್ಥಶಾಸ್ತ್ರಜ್ಞರದ್ದು ಒಂದೇ ದನಿ. ಹನ್ನೊಂದಕ್ಕೆ ಹನ್ನೊಂದು."

"ಎಣಿಸಿದ ಮೇಲೆ ಬರ್ಕೋತೀನಿ ಸಾರ್," ಅಂದ ಅವನು.

ಖಾಲಿ ಚಾಕ್‌ಪೀಸ್ ಡಬ್ಬಿಗೆ ಬಾಯಿ ಕೊಯ್ದವಳು ಗೆಸ್ಟಮ್ಮ. ಚೀಟಿ ಹರಿದವಳು ಅವಳು. ಟೀ ಹಂಚಿದವಳೂ ಅವಳೇ, ಅಟೆಂಡರ್ ಅವತ್ತು ರಜೆ. ಎಲ್ಲರಿಗೂ ಕೊಟ್ಟ ಮೇಲೆ ಕೈಯಲ್ಲಿ ಒಂದು ಚೀಟಿ ಉಳಿಯಿತು. ಪೆನ್ಸಿಲ್ ಎತ್ತಿಕೊಂಡಳು.

"ಅಯ್ಯೋ, ಇದು ವಿಭಾಗದ ಓಟಮ್ಮ," ಮುಖ್ಯಸ್ಥರು ನಕ್ಕರು. "ನೀವು ಗೆಸ್ಟು ಅಲ್ವಾ?"

ಅವಳ ಬೆರಳಿನಿಂದ ಚೀಟಿಯನ್ನು ಮೆಲ್ಲಗೆ ಎಳೆದುಕೊಂಡರು. ಮೇಜಿನ ಮೇಲೆ ಟೀ ಚೆಲ್ಲಿತ್ತು. ಅದರಿಂದಲೇ ಒರೆಸಿದರು. ಮುದ್ದೆ ಮಾಡಿ ಅವಳ ಕೈಗೇ ಕೊಟ್ಟರು, ಬುಟ್ಟಿಗೆ ಹಾಕಲಿ ಎಂದು.

ಅವಳು ಹಾಕಿದಳು. ಬುಟ್ಟಿಯ ತನಕ ನಾಲ್ಕು ಹೆಜ್ಜೆ. ಕಿವಿ ಸುಡುತ್ತಿತ್ತು.

ಹೊರಗೆ ಫೋನಿನಲ್ಲಿದ್ದ ವರದಿಗಾರ ಒಳಗೆ ಬಂದ ಮೇಲೆ ಎಣಿಕೆ ಶುರುವಾಯಿತು. ಛತ್ರಿ, ಛತ್ರಿ, ಛತ್ರಿ ಎಂದು ಮುಖ್ಯಸ್ಥರು ರಾಗವಾಗಿ ಓದುತ್ತಾ ಹೋದರು. ಏಳನೆಯ ಚೀಟಿ ಬಿಚ್ಚಿದರು. ರಾಗ ಕಡಿಯಿತು.

"ಏನು ಸಾರ್?" ಕೇಳಿದರು ಭಾಷಣದ ಮೇಡಂ. ದುಡಿಮೆಯ ಘನತೆಯ ಬಗ್ಗೆ ಎಲ್ಲೆಲ್ಲೂ ಭಾಷಣ ಮಾಡುವುದರಿಂದ ಅವರಿಗೆ ಆ ಹೆಸರು.

"ಏಣಿ."

ವರದಿಗಾರ ಪೆನ್ನಿನ ಮುಚ್ಚಳ ತೆಗೆದ.

ಹತ್ತು ಛತ್ರಿ, ಒಂದು ಏಣಿ. ಮುಖ್ಯಸ್ಥರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂದು ಬೀರುವಿನ ಹತ್ತಿರ ನಿಂತಿತು. ಮುಖ ಅರಳಿತು.

"ಓ, ಇದು ನಮ್ಮ ಗೆಸ್ಟ್ ಒಬ್ಬರದು. ಪಾಪ, ಗೊತ್ತಾಗದೆ ಹಾಕ್ಬಿಟ್ಟಿದ್ದಾರೆ."

"ಸಾರ್, ನಾನು..."

"ಪರವಾಗಿಲ್ಲಮ್ಮ, ಪರವಾಗಿಲ್ಲ. ಪ್ರಜಾಪ್ರಭುತ್ವ."

ಎಲ್ಲರೂ ಅವಳ ಕಡೆ ತಿರುಗಿದರು. ಅಷ್ಟೂ ಮುಖಗಳಲ್ಲಿ ನೆಮ್ಮದಿ. ದೊಡ್ಡ ಮೇಷ್ಟ್ರು ಮಾತ್ರ ತಿರುಗಲಿಲ್ಲ. ಅವರು ವಿಭಾಗದ ಎಲ್ಲರಿಗಿಂತ ಹಿರಿಯರು, ನಿವೃತ್ತಿಯ ಅಂಚಿನಲ್ಲಿದ್ದವರು. ಖಾಲಿ ಲೋಟವನ್ನು ಬಾಯಿಗಿಟ್ಟುಕೊಂಡು ಟೀ ಕುಡಿಯುತ್ತಿದ್ದರು.

ಮರುದಿನ ಪೇಪರಿನಲ್ಲಿ ಬಂತು: 'ಛತ್ರಿಗೊಂದು ತೂತು: ಅತಿಥಿ ಉಪನ್ಯಾಸಕಿ ಏಣಿಯತ್ತ.'

ಮುಖ್ಯಸ್ಥರು ಗೆಸ್ಟಮ್ಮನನ್ನು ಕೋಣೆಗೆ ಕರೆದರು. ಬೈಯಲಿಲ್ಲ. ಬಿಸ್ಕತ್ತು ಕೊಟ್ಟರು.

"ಒಂದು ವಾರ ರೆಸ್ಟ್ ತಗೊಳ್ಳಿ. ಶುಕ್ರವಾರ ಸಭೆ ಇದೆ. ಗೊತ್ತಾಗದೆ ಹಾಕ್ದೆ, ಕ್ಷಮಿಸಿ ಅಂತ ಎರಡು ಸಾಲು ಬರೆದುಕೊಟ್ಬಿಡಿ. ಮುಂದಿನ ವರ್ಷವೂ ನೀವೇ ಇರ್ತೀರಿ. ನನ್ನ ಮಾತು."

"ನಾನು ಹಾಕೇ ಇಲ್ವಲ್ಲ ಸಾರ್. ಚೀಟಿ ನೀವೇ ಕಿತ್ಕೊಂಡ್ರಿ."

"ಅದೆಲ್ಲ ಈಗ್ಯಾಕಮ್ಮ," ಅಂದರು ಅವರು, ಇನ್ನೊಂದು ಬಿಸ್ಕತ್ತು ಮುಂದೆ ತಳ್ಳುತ್ತಾ.

ಅವಳು ಅದನ್ನು ಮುಟ್ಟಲಿಲ್ಲ.

ಗೆಸ್ಟುಗಳಿಗೆ ರೆಸ್ಟ್ ಎಂದರೆ ಸಂಬಳವಿಲ್ಲ. ಅವಳು ತಾಯಿಯ ಜೊತೆ ಇಸ್ತ್ರಿಗೆ ನಿಂತಳು. ಪ್ರೊಫೆಸರುಗಳ ವಸತಿ ಕಟ್ಟಡದ ಮೆಟ್ಟಿಲಡಿಯಲ್ಲಿ ತಾಯಿಯ ಇಸ್ತ್ರಿ ಮೇಜು. ಕೆಂಡದ ಪೆಟ್ಟಿಗೆ. ಎತ್ತಿ ಎತ್ತಿ ತಾಯಿಯ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ವಿಭಾಗದ ಅಷ್ಟೂ ಅಂಗಿಗಳು ಇಲ್ಲಿಗೇ ಬರುವುದು. ಎಲ್ಲವೂ ದಪ್ಪ ನೂಲಿನ, ಒರಟು ಬಟ್ಟೆಯವು.

"ಬಡವರ ಪರ ಇರೋರ ಬಟ್ಟೆ ಇಸ್ತ್ರಿ ಮಾಡೋದೇ ಕಷ್ಟ ಕಣೆ," ತಾಯಿ ಅಂದಳು, ನೀರು ಚಿಮುಕಿಸುತ್ತಾ. "ಎಷ್ಟು ತಿಕ್ಕಿದ್ರೂ ಸುಕ್ಕು ಹೋಗಲ್ಲ. ಏಣಿಯವರದ್ದಾದ್ರೆ ನುಣುಪು ಬಟ್ಟೆ. ಆದ್ರೆ ಸ್ವಲ್ಪ ಬಿಸಿ ಜಾಸ್ತಿ ಆದ್ರೂ ಕರಗಿ ಹೋಗುತ್ತೆ, ಆಮೇಲೆ ನಮ್ಮ ಮೇಲೇ ಬರ್ತಾರೆ."

"ಅಮ್ಮ, ನಗಿಸ್ಬೇಡ. ನನಗೆ ಅಳು ಬರ್ತಿದೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಎಮ್ಮೆ ಅತ್ತು ಏನು ಮಾಡುತ್ತೆ? ಹಾಯ್ಬೇಕು."

ಹೀಗೆ ಮಾತಾಡುತ್ತಿರುವಾಗ ಒಂದು ಕಾರು ಬಂದು ನಿಂತಿತು. ಇಳಿದವನು ಏಣಿ ಪಕ್ಷದ ಕಾರ್ಯದರ್ಶಿ. ಹಿಂದೆ ಕ್ಯಾಮೆರಾ ಹಿಡಿದವನೊಬ್ಬ.

"ತಂಗೀ, ನಿನ್ನ ಧೈರ್ಯಕ್ಕೆ ನಮ್ಮ ಪಕ್ಷ ತಲೆ ಬಾಗುತ್ತೆ," ಅಂದ. ಇಸ್ತ್ರಿ ಪೆಟ್ಟಿಗೆ ಚಿತ್ರದಲ್ಲಿ ಬರಲಿ ಎಂದು ಕ್ಯಾಮೆರಾದವನಿಗೆ ಸನ್ನೆ ಮಾಡಿದ.

"ಆ ಓಟು ನಂದಲ್ಲ ಅಣ್ಣ."

"ನಿನಗೆ ಭಯ. ಅರ್ಥ ಆಗುತ್ತೆ."

"ಭಯ ಅಲ್ಲ. ನನಗೆ ಓಟೇ ಇರ್ಲಿಲ್ಲ."

ಕಾರ್ಯದರ್ಶಿ ಕ್ಯಾಮೆರಾ ಇಳಿಸಲು ಸನ್ನೆ ಮಾಡಿದ. "ಅದನ್ನ ಮಾತ್ರ ಸ್ಟೇಜ್ ಮೇಲೆ ಹೇಳ್ಬೇಡ."

"ಸ್ಟೇಜ್ ಮೇಲೆ ಮತ್ತೇನು ಹೇಳ್ಬೇಕು?"

"ಏನೂ ಬೇಡ. ಮಾತಾಡೋರು ನಾವಿದೀವಿ. ನೀನು ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು."

"ನಿಂತ್ಕೊಂಡು ಏಳು ವರ್ಷ ಆಯ್ತಣ್ಣ. ಕಾಲು ನೋಯುತ್ತೆ. ನೀವು ಹೊರಡಿ."

ಅವನು ಇನ್ನೂ ಏನೋ ಹೇಳಲು ಹೊರಟ. ತಾಯಿ ಪೆಟ್ಟಿಗೆಯ ಕೆಂಡ ಊದಿದಳು. ಬೂದಿ ಎದ್ದು ಅವನ ಬಿಳಿ ಅಂಗಿಯ ಮೇಲೆ ಕೂತಿತು. "ಅಯ್ಯೋ, ಬಿಚ್ಚಿಕೊಡಪ್ಪ, ಒಗೆದು ಇಸ್ತ್ರಿ ಹಾಕ್ಕೊಡ್ತೀನಿ," ಅಂದಳು. ಕಾರು ಹೋಯಿತು.

ಗುರುವಾರ ಸಂಜೆ ದೊಡ್ಡ ಮೇಷ್ಟ್ರು ಬಂದರು. ಕೈಯಲ್ಲಿ ಮೂರು ಅಂಗಿ. ಮೂರಕ್ಕೂ ಆಗಲೇ ಇಸ್ತ್ರಿಯಾಗಿತ್ತು. ಮೇಜಿನ ಮೇಲಿಟ್ಟರು, ತಿರುಗಿ ಎತ್ತಿಕೊಂಡರು, ಮತ್ತೆ ಇಟ್ಟರು.

"ಆ ಚೀಟಿ ನಂದು ಕಣಮ್ಮ," ಅಂದರು.

ತಾಯಿ ಪೆಟ್ಟಿಗೆಯನ್ನು ಬಟ್ಟೆಯಿಂದ ಮೇಲೆತ್ತಿ ಹಿಡಿದಳು. ಇಳಿಸಲು ಮರೆತಳು.

"ಬಂದಾಗಿನಿಂದ ಪ್ರತಿ ಸಲವೂ ಛತ್ರಿ ಅಂತ ಬರೆದೆ. ಮನಸಲ್ಲಿ ಏಣಿ ಇತ್ತು. ಅವರ ಜೋಕಿಗೆಲ್ಲ ನಗ್ತಾ ಬಂದೆ. ನಗೋದು ಒಂದು ಕೆಲಸ ಆಗೋಯ್ತು. ಈ ಸಲ ಹೇಗೂ ಹೋಗ್ತಿದೀನಲ್ಲ, ಒಂದ್ಸಲ ನಿಜ ಬರೆಯೋಣ ಅನ್ನಿಸ್ತು."

ಗೆಸ್ಟಮ್ಮನಿಗೆ ಒಳಗೆ ಏನೋ ಮೆತ್ತಗಾಯಿತು. ಅವಳಿಗೂ ಆ ನಗು ಗೊತ್ತಿತ್ತು.

"ಹಾಗಾದ್ರೆ ನಾಳೆ ಸಭೇಲಿ ಹೇಳಿ ಸಾರ್."

"ಹೇಳಿದ್ರೆ ವಿಭಾಗದಲ್ಲಿರೋ ನನ್ನ ಕೋಣೆ ಹೋಗುತ್ತಮ್ಮ. ನಿವೃತ್ತಿ ಆದ್ಮೇಲೂ ನಿಮ್ಮ ಕೋಣೆ ನಿಮಗೇ ಇರಲಿ ಅಂತ ಮುಖ್ಯಸ್ಥರು ಅಂದಿದಾರೆ. ನನ್ನ ಪುಸ್ತಕಕ್ಕೆ ಮನೇಲಿ ಜಾಗ ಇಲ್ಲ. ನಿಮ್ಮದು ಸಣ್ಣ ವಯಸ್ಸು. ಎರಡು ಸಾಲು ಬರೆದುಕೊಟ್ರೆ ನಿಮಗೇನು ಹೋಗುತ್ತೆ?"

ಮೆತ್ತಗಾದದ್ದು ಕಲ್ಲಾಯಿತು.

"ನಿಮ್ಮ ಕೋಣೆಗೆ ಎರಡು ಕಿಟಕಿ ಇದೆ ಸಾರ್. ನಾನು ಕಟ್ಟು ಹೊತ್ಕೊಂಡು ಬಂದು ಎಷ್ಟು ಸಲ ಅದರ ಬಾಗಿಲಲ್ಲಿ ನಿಂತಿದೀನಿ. ಒಳಗೆ ಕೂತ್ಕೋ ಅಂದಿದೀರಾ? ಅವರ ನಡುವೆ ನೀವೊಬ್ಬರೇ ಅಂತ ನನಗೆ ಪಾಪ ಅನ್ನಿಸುತ್ತೆ. ನಿಜವಾಗ್ಲೂ. ಆದ್ರೆ ನಿಮ್ಮ ಭಯ ಹೊರೋಕೆ ನನ್ನ ತಲೆ ಬಾಡಿಗೆಗಿಲ್ಲ."

ಮುದುಕರು ತಲೆ ತಗ್ಗಿಸಿದರು. "ನನ್ನ ಹೆಸರು ಹೇಳ್ಬಿಡ್ತೀರಾ?"

"ಓಟು ಗುಟ್ಟು. ನಾನು ಯಾರದ್ದೂ ಹೇಳಲ್ಲ."

"ಅಂಗಿ ತಗೊಂಡು ಹೋಗಿ ಮೇಷ್ಟ್ರೆ," ತಾಯಿ ಅಂದಳು. "ಇವತ್ತು ನಮ್ಮ ಕೈ ಸರಿ ಇಲ್ಲ. ಸುಟ್ಟರೆ ಕಷ್ಟ."

ಶುಕ್ರವಾರ ಗೆಸ್ಟಮ್ಮ ಸಭೆಗೆ ಹೋದಳು. ಜೊತೆಗೆ ಉಳಿದ ಮೂವರು ಗೆಸ್ಟುಗಳೂ ಬಂದರು. ನಾಲ್ವರೂ ಬೀರುವಿನ ಪಕ್ಕ ಸಾಲಾಗಿ ನಿಂತರು. ಮುಖ್ಯಸ್ಥರು ಟೈಪ್ ಮಾಡಿಸಿದ ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು.

"ಇಲ್ಲಿ ಒಂದು ಸಹಿ ಮಾಡಿ."

"ಮಾಡಲ್ಲ."

ಅವಳಿಗೇ ಆ ಮಾತು ಜೋರಾಗಿ ಕೇಳಿಸಿತು. ನೂರಾಎಂಬತ್ತು ಮಕ್ಕಳಿಗೆ ಕೂಗಿ ಕೂಗಿ ಪಳಗಿದ ಗಂಟಲು. ಹನ್ನೊಂದು ಜನಕ್ಕೆ ಅದು ಸಿಡಿಲಾಯಿತು.

"ಡಬ್ಬೀಲಿ ಎಷ್ಟು ಚೀಟಿ ಬಂತು ಸಾರ್?"

"ಹನ್ನೊಂದು."

"ನೀವು ಎಷ್ಟು ಜನ?"

"ಹನ್ನೊಂದು."

"ಅದರಲ್ಲಿ ಒಂದು ನಂದಾದ್ರೆ, ನಿಮ್ಮಲ್ಲಿ ಒಬ್ಬರು ಹಾಕಿಲ್ಲ. ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದು ಆ ಕೋಣೆಯಲ್ಲಿ ಒಬ್ಬರಲ್ಲ, ಸುಮಾರು ಜನ ಹೆಗಲು ಮುಟ್ಟಿಕೊಂಡರು. "ನಾನು ಹಾಕಿದೀನಪ್ಪ." "ನಾನೇ ಮೊದಲು ಹಾಕಿದ್ದು." "ನಾನು ಹಾಕೋದನ್ನ ಇವರು ನೋಡಿದಾರೆ." ದೊಡ್ಡ ಮೇಷ್ಟ್ರು ಅಂಗಿಯ ಗುಂಡಿಯನ್ನು ಹಾಕಿ ಬಿಚ್ಚಿ ಹಾಕಿ ಬಿಚ್ಚಿ ಮಾಡುತ್ತಿದ್ದರು. ಗೆಸ್ಟಮ್ಮ ಅವರ ಕಡೆ ನೋಡಲಿಲ್ಲ.

"ಇದು ಲೆಕ್ಕದ ಪ್ರಶ್ನೆ ಅಲ್ಲ," ಮುಖ್ಯಸ್ಥರು ದನಿ ಏರಿಸಿದರು. "ತತ್ವದ ಪ್ರಶ್ನೆ."

"ತತ್ವವೇ ಆಗ್ಲಿ. ನಾನು ಓಟು ಹಾಕ್ದೆ ಅಂತ ಪೇಪರಿಗೆ ಹೇಳಿದವರು ನೀವು. ಅಂದ್ರೆ ಗೆಸ್ಟುಗಳಿಗೆ ಇಲ್ಲಿ ಓಟಿದೆ. ಹಾಗಂತ ಸಭೆಯ ನಡಾವಳಿಗೆ ಬರೀರಿ. ಇಲ್ಲ ಅಂದ್ರೆ, ಆಕೆಗೆ ಓಟೇ ಇರ್ಲಿಲ್ಲ, ಏಣಿ ನಮ್ಮಲ್ಲೇ ಒಬ್ಬರದು ಅಂತ ಅದೇ ಪೇಪರಿಗೆ ಹೇಳಿ. ಎರಡರಲ್ಲಿ ಒಂದು."

"ಎರಡೂ ಆಗಲ್ಲ ಅಂದ್ರೆ?"

"ಸೋಮವಾರದಿಂದ ಮೊದಲ ವರ್ಷದ ತರಗತಿ ನೀವೇ ತಗೊಳ್ಳಿ."

ಪಕ್ಕದ ಮೂವರು ಬೀರುವಿನಿಂದ ಬೆನ್ನು ಬಿಡಿಸಿಕೊಂಡು ನೆಟ್ಟಗೆ ನಿಂತರು. ಹಿಡಿಕೆ ಕಟಕಟ ಅಂದಿತು.

ಮೊದಲ ವರ್ಷದ ತರಗತಿಯ ಬಾಗಿಲು ಯಾವ ಮಹಡಿಯಲ್ಲಿದೆ ಎಂಬುದೂ ಅಲ್ಲಿ ಕೆಲವರಿಗೆ ಮರೆತಿತ್ತು.

ಭಾಷಣದ ಮೇಡಂ ಗಂಟಲು ಸರಿ ಮಾಡಿಕೊಂಡರು. "ನೋಡಿ, ಮುಷ್ಕರದ ಹಕ್ಕಿನ ಬಗ್ಗೆ ನಾನು ಎರಡು ಪುಸ್ತಕ ಬರೆದಿದೀನಿ. ಆದರೆ ಇಲ್ಲಿ ಸಂದರ್ಭ..."

"ಓದಿದೀನಿ ಮೇಡಂ. ಎರಡಕ್ಕೂ ಪ್ರೂಫ್ ನೋಡಿದ್ದು ನಾನೇ. ಸಂದರ್ಭ ನೋಡಿಕೊಂಡು ಅಂತ ಎಲ್ಲೂ ಇರ್ಲಿಲ್ಲ."

ಯಾರೋ ಕಿಸಕ್ಕೆಂದರು. ಮೇಡಂ ಕೆಂಪಾದರು. ಸಿಟ್ಟು ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಮುಖ್ಯಸ್ಥರ ಕಡೆ ತಿರುಗಿ ಅಂದರು, "ಬರೀರಿ ಸಾರ್. ಆಕೆ ಹೇಳಿದಂಗೆ ಬರೀರಿ. ನೂರಾಎಂಬತ್ತು ಮಕ್ಕಳಿಗೆ ಕೂಗೋ ಗಂಟಲು ನನಗಂತೂ ಇಲ್ಲ."

ಪೇಪರಿಗೆ ನಿಜ ಹೇಳುವುದಕ್ಕಿಂತ ಗೆಸ್ಟುಗಳಿಗೆ ಓಟು ಕೊಡುವುದೇ ಮರ್ಯಾದೆಯ ದಾರಿಯಾಗಿ ಮುಖ್ಯಸ್ಥರಿಗೆ ಕಂಡಿತು. ಬರೆದರು. ಬರೆದ ಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಸೇರಿ ಇನ್ನೊಮ್ಮೆ ಓಟು ಹಾಕೋಣ. ಹದಿನಾಲ್ಕು ಛತ್ರಿ, ಒಂದು ಏಣಿ ಬಂದರೆ ಬರಲಿ. ಆ ಏಣಿ ಯಾರದೆಂದು ಊರಿಗೇ ಗೊತ್ತಿದೆಯಲ್ಲ.

ವರದಿಗಾರ ಮತ್ತೆ ಬಂದ. ಹದಿನೈದು ಚೀಟಿ. ಈ ಸಲ ಅಟೆಂಡರ್ ಹರಿದ. ಗೆಸ್ಟಮ್ಮ ನಿಂತುಕೊಂಡು ಬರೆಯಲು ಒಪ್ಪಲಿಲ್ಲ. ತರಗತಿಯಿಂದ ನಾಲ್ಕು ಸ್ಟೂಲು ತರಿಸಿದಳು. ಗೆಸ್ಟುಗಳು ಮೇಜಿನ ಸುತ್ತ ನುಗ್ಗಿ ಕೂತರು. ಪ್ರೊಫೆಸರುಗಳು ಮೊಣಕೈ ಒಳಗೆಳೆದುಕೊಂಡು ಜಾಗ ಮಾಡಬೇಕಾಯಿತು.

ಅವಳು ಎಡಗೈ ಅಡ್ಡ ಹಿಡಿದು ಬರೆದಳು. ತಮಾಷೆಯ ಓಟಿಗೆ ಇಷ್ಟೊಂದು ಎದೆ ಹೊಡೆದುಕೊಳ್ಳುತ್ತದೆಯೇ ಎಂದು ಅವಳಿಗೇ ನಗು ಬಂತು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದಳು.

ಮುಖ್ಯಸ್ಥರು ಎಣಿಸಿದರು. ಛತ್ರಿ. ಏಣಿ. ಛತ್ರಿ. ಏಣಿ. ಏಣಿ. ಅವರ ದನಿ ಸಣ್ಣಗಾಗುತ್ತಾ ಹೋಯಿತು. ಕೊನೆಗೆ ಛತ್ರಿ ಎಂಟು, ಏಣಿ ಏಳು.

"ಗೆಸ್ಟುಗಳು! ನಾಲ್ವರೂ ಏಣಿಗೇ ಹಾಕಿದಾರೆ!" ಒಬ್ಬ ಪ್ರೊಫೆಸರು ಕೂಗಿದರು.

"ಹಾಕಿದೀವಿ ಅಂತಲೇ ಇಟ್ಕೊಳ್ಳಿ ಸಾರ್," ಗೆಸ್ಟಮ್ಮ ಅಂದಳು. "ಉಳಿದ ಮೂರು ಯಾರದು?"

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷಗಟ್ಟಲೆ ಒಂದೇ ಟೀ ಕುಡಿದ ಮುಖಗಳು. ಯಾರದ್ದು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ವರದಿಗಾರ ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡ. "ಇದನ್ನ ಹೇಗೆ ಬರೀಬೇಕೋ ಗೊತ್ತಾಗ್ತಿಲ್ಲ ಸಾರ್," ಅಂದ.

ಮೆಟ್ಟಿಲಲ್ಲಿ ದೊಡ್ಡ ಮೇಷ್ಟ್ರು ಅವಳ ಬೆನ್ನು ಹತ್ತಿ ಬಂದರು. "ಈ ಸಲ ನಾನು ಛತ್ರಿಗೇ ಹಾಕ್ದೆ ಕಣಮ್ಮ. ಹೆದರಿಕೊಂಡು. ಆ ಮೂವರು ಯಾರೋ ಏನೋ." ಅವರ ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ನಾನೊಬ್ಬನೇ ಅಂದ್ಕೊಂಡಿದ್ದೆ."

ಮೂವರೋ ಇನ್ನೂ ಹೆಚ್ಚೋ, ಹಾಕಿದವರಿಗೆ ಧೈರ್ಯ ಎಲ್ಲಿಂದ ಬಂತು ಎನ್ನುವುದು ಗೆಸ್ಟಮ್ಮನಿಗೆ ಗೊತ್ತಿತ್ತು. ಹಾಕಿದರೆ ಗೆಸ್ಟುಗಳ ಮೇಲೆ ಹೋಗುತ್ತದೆ ಎಂಬ ಧೈರ್ಯ. ಅಲ್ಲೂ ಇವರ ಬೆನ್ನೇ ಬೇಕಾಯಿತು ಅವರಿಗೆ. ಸಿಟ್ಟು ಬಂತು. ಮುದುಕರ ಮುಖ ನೋಡಿ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

ಆಮೇಲೆ ವಿಭಾಗದಲ್ಲಿ ಟೀ ಹೊತ್ತು ಉದ್ದವಾಯಿತು. ಏಣಿಯ ಮೇಲೆ ಜೋಕು ಹೇಳುವ ಮೊದಲು ಜನ ಅಕ್ಕಪಕ್ಕ ನೋಡತೊಡಗಿದರು. ಒಂದು ದಿನ ಯಾರೋ ಛತ್ರಿಯ ಮೇಲೂ ಒಂದು ಹೇಳಿದರು, ಇಬ್ಬರು ನಕ್ಕರು, ಉಳಿದವರು ವಾದಕ್ಕೆ ನಿಂತರು, ಬೆಲ್ ಹೊಡೆದದ್ದೇ ಕೇಳಿಸಲಿಲ್ಲ. ಗೆಸ್ಟುಗಳು ಸ್ಟೂಲನ್ನು ವಾಪಸು ಕೊಡಲಿಲ್ಲ. ನಡಾವಳಿಯಲ್ಲಿ ಬರೆದದ್ದನ್ನು ಅಳಿಸಲು ಯಾರಿಗೂ ಧೈರ್ಯವಾಗಲಿಲ್ಲ, ಸಂಬಳ ಹೆಚ್ಚಿಸುವ ಮನಸ್ಸೂ ಬರಲಿಲ್ಲ. ಕಾಯಂ ಕೆಲಸದ ಮಾತು ಇವತ್ತಿಗೂ ಇಲ್ಲ. ಅದರ ಜಗಳ ಈಗ ನಡೆಯುತ್ತಿದೆ, ನಾಲ್ವರೂ ಕೂತುಕೊಂಡೇ ಜಗಳವಾಡುತ್ತಾರೆ.

ಎರಡನೆಯ ಓಟಿನ ಮರುದಿನವೇ ಮುಖ್ಯಸ್ಥರು ಮೊದಲ ಮಹಡಿಯ ಕಾರಿಡಾರಿನಲ್ಲಿ ಗೆಸ್ಟಮ್ಮನನ್ನು ತಡೆದು ನಿಲ್ಲಿಸಿದರು. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

"ಅಮ್ಮ, ಬೇರೆಯವರದ್ದು ಬಿಡಿ. ನೀವು ಯಾವುದಕ್ಕೆ ಹಾಕಿದ್ರಿ? ನಿಜ ಹೇಳಿ. ನಾನು ಏನೂ ಅಂದ್ಕೊಳ್ಳಲ್ಲ. ಸುಮ್ನೆ ತಿಳ್ಕೊಳ್ಳೋಕೆ."

ತರಗತಿಯಿಂದ ನೂರಾಎಂಬತ್ತು ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ಬಾಗಿಲಿಗೆ ಕೈ ಹಾಕಿದವಳು ತಿರುಗಿ ಅವರನ್ನು ಪೂರ್ತಿಯಾಗಿ ನೋಡಿದಳು.

"ಹೇಳಲ್ಲ ಸಾರ್," ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.